ಅಣ್ಣನ ಡೇಟೈಮ್

ನಮ್ಮಣ್ಣನಿಗೆ ಬರುತ್ತಿದ್ದ ಇಂಗ್ಲಿಷ್ ಪದಗಳನ್ನು ಎರಡು ಕೈಯ ಬೆರಳಲ್ಲಿ ಎಣಿಸಿಬಿಡಬಹುದಿತ್ತು. ಅವುಗಳಲ್ಲಿ ಒಂದನ್ನು ಮಾತ್ರ ಅವನು ಪೂರ್ತಿ ತನ್ನದು ಮಾಡಿಕೊಂಡಿದ್ದ. ಆ ಪದ ‘ಡೇಟೈಮ್’. ಚನ್ನಪಟ್ಟಣದಲ್ಲಿ ಬೊಂಬೆ ಮಾಡುವವರ ಬೀದಿಗೆ ಹೋಗಿ ‘ಡೇಟೈಮ್ ಮನೆ ಯಾವುದು’ ಎಂದು ಕೇಳಿದರೆ ಈಗಲೂ ತೋರಿಸುತ್ತಾರೆ. ಅವನ ನಿಜವಾದ ಹೆಸರು ಹೇಳಿದರೆ ಒಂದು ಗಳಿಗೆ ಯೋಚಿಸುತ್ತಾರೆ. ಅದಕ್ಕೇ ನಾನೂ ಆ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ.

ಅಣ್ಣನಿಗೆ ಇರುಳುಗಣ್ಣು. ಹುಟ್ಟಿನಿಂದ ಬಂದದ್ದು. ಹಗಲಿನಲ್ಲಿ ನಮ್ಮೆಲ್ಲರಂತೆಯೇ ನೋಡುತ್ತಿದ್ದ, ಬಣ್ಣದ ವಿಷಯದಲ್ಲಿ ನಮ್ಮೆಲ್ಲರಿಗಿಂತ ಚೆನ್ನಾಗಿ ನೋಡುತ್ತಿದ್ದ. ಹೊತ್ತು ಮುಳುಗಿತೆಂದರೆ ಅವನ ಮುಂದೆ ಯಾರೋ ಕಂಬಳಿ ಇಳಿಬಿಟ್ಟ ಹಾಗೆ. ಬೀದಿ ದೀಪ, ಟ್ಯೂಬ್‌ಲೈಟು ಯಾವುದೂ ಸಾಲುತ್ತಿರಲಿಲ್ಲ. ದೀಪ ಒಂದು ಚುಕ್ಕಿಯಾಗಿ ಕಾಣುತ್ತಿತ್ತಂತೆ, ದೀಪದ ಬೆಳಕು ಬಿದ್ದ ನೆಲ ಕಾಣುತ್ತಿರಲಿಲ್ಲವಂತೆ.

ಅವನು ನನಗಿಂತ ಆರು ವರ್ಷ ದೊಡ್ಡವನು. ಆದರೂ ಸಂಜೆಯಾದ ಮೇಲೆ ನಾನೇ ಅವನಿಗೆ ದೊಡ್ಡವಳು. ಅವನ ಕಿರುಬೆರಳು ಹಿಡಿದು ಮುಂದೆ ನಡೆಯುತ್ತಾ ‘ಕಲ್ಲು’, ‘ಚರಂಡಿ’, ‘ಎರಡು ಮೆಟ್ಲು’ ಎಂದು ಹೇಳುತ್ತಾ ಹೋಗುವುದು ನನ್ನ ಕೆಲಸ. ಒಂದು ಸಲ ತಮಾಷೆಗೆ ಇಲ್ಲದ ಮೆಟ್ಟಿಲು ಹೇಳಿದೆ. ಅವನು ಕಾಲೆತ್ತಿ ಗಾಳಿಯ ಮೇಲೆ ಇಟ್ಟು ಮುಗ್ಗರಿಸಿದ. ಬೈಯಲಿಲ್ಲ. ‘ನೀನು ಹೇಳಿದ್ದನ್ನೇ ನಂಬ್ಕಂಡು ನಡೀತಾ ಇವ್ನಿ ಕಣಮ್ಮಿ’ ಎಂದ, ಅಷ್ಟೇ. ಆಮೇಲೆ ನಾನು ಹಾಗೆ ಮಾಡಲಿಲ್ಲ.

ಅವನು ಹತ್ತೊಂಬತ್ತರಲ್ಲಿದ್ದಾಗ ಅಪ್ಪ ಅವನನ್ನು ಬೆಂಗಳೂರಿನ ದೊಡ್ಡ ಕಣ್ಣಾಸ್ಪತ್ರೆಗೆ ಕರೆದುಕೊಂಡು ಹೋದರು. ಅಲ್ಲಿನ ಡಾಕ್ಟರು ವಾಸಿಯಾಗುವುದಿಲ್ಲ ಎಂದರು. ಕೆಲಸ ಕೊಡುವವರಿಗೆ ತೋರಿಸಲು ಒಂದು ಚೀಟಿ ಬರೆದುಕೊಟ್ಟರು. ಚೀಟಿ ಪೂರಾ ಇಂಗ್ಲಿಷಿನಲ್ಲಿತ್ತು. ನಮ್ಮ ಬೀದಿಯ ಕೊನೆಯಲ್ಲಿ ಒಬ್ಬರು ರಿಟೈರಾದ ಮೇಷ್ಟ್ರಿದ್ದರು. ಅಣ್ಣ ಚೀಟಿ ಹಿಡಿದುಕೊಂಡು ಅಲ್ಲಿಗೆ ಹೋದ. ಬಾಲದ ಹಾಗೆ ನಾನೂ ಹೋದೆ.

ಮೇಷ್ಟ್ರು ಕನ್ನಡಕ ಹಾಕಿಕೊಂಡು ಓದಿ, ‘ನೀನು ಡೇಟೈಮ್ ಕೆಲಸ ಮಾತ್ರ ಮಾಡಬಹುದು ಅಂತ ಬರೆದವ್ರೆ’ ಎಂದರು.

‘ಅಂಗಂದ್ರೆ ಬೆಳಗ್ಗೆ ಒಂಬತ್ತರಿಂದ ಸಾಯಂಕಾಲ ಆರು ಗಂಟೆ ಗಂಟನಾ ಸಾ?’

ಮೇಷ್ಟ್ರು ಎದ್ದು ಡಿಕ್ಷನರಿ ತಂದರು. ಅದರ ರಟ್ಟು ಕಿತ್ತುಹೋಗಿತ್ತು. ಬೆರಳಿಟ್ಟು ಓದಿ, ‘ಗಂಟೆಗಿಂಟೆ ಏನೂ ಇಲ್ಲ ಕಣಯ್ಯ. ಸೂರ್ಯ ಹುಟ್ಟಿದಾಗಿಂದ ಮುಳುಗೋ ಗಂಟ. ಬೆಳಕು ಇರೋ ಹೊತ್ತು. ಅಷ್ಟೇ’ ಎಂದರು.

ಅಣ್ಣನ ಮುಖ ನನಗೆ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ವಾಸಿಯಾಗುವುದಿಲ್ಲ ಎಂದು ಕೇಳಿಸಿಕೊಂಡು ಬಂದವನ ಮುಖವಲ್ಲ ಅದು, ಏನೋ ಕೈಗೆ ಸಿಕ್ಕವನ ಮುಖ. ದಾರಿಯಲ್ಲಿ ಆ ಪದವನ್ನು ನಾಲ್ಕೈದು ಸಲ ಬಾಯಲ್ಲೇ ಹೇಳಿಕೊಂಡ.

‘ಹಗಲು ಅಂದ್ರೆ ಆಯ್ತಪ್ಪ, ಅದಕ್ಯಾಕೆ ಇಂಗ್ಲಿಷು?’ ಎಂದು ನಾನು ಕೇಳಿದೆ.

‘ನಂಗೆ ಹಗಲು ಮಾತ್ರ ಕಾಣೋದು ಅಂದ್ರೆ ಜನ ಅಯ್ಯೋ ಪಾಪ ಅಂತಾರೆ. ನಂದು ಡೇಟೈಮ್ ಡ್ಯೂಟಿ ಅಂದ್ರೆ ಯಾವ ಆಪೀಸು ಅಂತ ಕೇಳ್ತಾರೆ’ ಎಂದು ನಕ್ಕ.

ಆಗ ನನಗೂ ನಗು ಬಂದಿತ್ತು. ಆದರೆ ಅವನು ಆ ಪದವನ್ನು ಬಳಸಿದ್ದು ಬರೀ ಮುಚ್ಚಿಕೊಳ್ಳುವುದಕ್ಕಲ್ಲ. ಅದರ ಅರ್ಥವನ್ನು ಅವನು ಅಳತೆಗೋಲಿನ ಹಾಗೆ ಹಿಡಿದುಕೊಂಡ. ಗೋಡೆಯ ಕ್ಯಾಲೆಂಡರಿನಲ್ಲಿ ಎಲ್ಲರೂ ಹಬ್ಬ, ರಜ, ಅಮಾವಾಸ್ಯೆ ನೋಡುತ್ತಾರೆ. ಅವನು ನೋಡುತ್ತಿದ್ದದ್ದು ಸೂರ್ಯೋದಯ, ಸೂರ್ಯಾಸ್ತ ಎಂಬ ಎರಡು ಸಾಲು. ಕಾರ್ತಿಕದಲ್ಲಿ ಡೇಟೈಮ್ ಎಷ್ಟು, ಚೈತ್ರದಲ್ಲಿ ಎಷ್ಟು, ಮೋಡ ಮುಚ್ಚಿದ ದಿನ ಎಷ್ಟು ಕಮ್ಮಿ ಮಾಡಿಕೊಳ್ಳಬೇಕು, ಎಲ್ಲ ಬಾಯಿಪಾಠ. ಚನ್ನಪಟ್ಟಣದಿಂದ ರಾಮನಗರಕ್ಕೆ, ರಾಮನಗರದಿಂದ ಮಾಗಡಿಗೆ ಹೋಗಿ ಬರಲು ಯಾವ ತಿಂಗಳಲ್ಲಿ ಯಾವ ಬಸ್ಸು ಹಿಡಿದರೆ ಬೆಳಕಿರುವಾಗಲೇ ಮನೆಯ ಹೊಸ್ತಿಲು ಮುಟ್ಟಬಹುದು ಎಂದು ಕಂಡಕ್ಟರುಗಳಿಗಿಂತ ಚೆನ್ನಾಗಿ ಹೇಳುತ್ತಿದ್ದ.

ಒಮ್ಮೆ ಅವನು ನನಗೆ ಹೇಳಿದ ಮಾತನ್ನು ಎಷ್ಟೋ ಸಲ ನೆನೆಸಿಕೊಂಡಿದ್ದೇನೆ: ‘ಕತ್ತಲೆ ಕಂಡ್ರೆ ನಂಗೆ ಭಯ ಇಲ್ಲ ಕಣಮ್ಮಿ. ಕತ್ತಲೇಲಿ ಎಲ್ರೂ ಕುರುಡ್ರೇಯ. ಸಂಜೆ ಕಂಡ್ರೆ ಭಯ. ಸಂಜೇಲಿ ನಾನೊಬ್ನೇ.’

ಚೀಟಿ ಹಿಡಿದುಕೊಂಡು ಅವನು ಸೇರಿದ್ದು ಒಬ್ಬ ಭಾಯಿಯ ಬೊಂಬೆ ಕಾರ್ಖಾನೆಗೆ. ಕಾರ್ಖಾನೆ ಎಂದರೆ ದೊಡ್ಡದೇನಲ್ಲ, ಹೆಂಚಿನ ಮನೆಯಲ್ಲಿ ಮರ ಕಡೆಯುವ ಆರು ಲೇತು. ಲೇತಿನಲ್ಲಿ ಗರಗರ ತಿರುಗುವ ಆಲೆ ಎಂಬ ಮೆದುಮರದ ತುಂಡಿಗೆ ಅರಗಿನ ಕಡ್ಡಿ ಒತ್ತಿ ಹಿಡಿದರೆ, ಉಜ್ಜಿದ ಬಿಸಿಗೇ ಅರಗು ಕರಗಿ ಮರಕ್ಕೆ ಬಣ್ಣ ಹಿಡಿಯುತ್ತದೆ. ಆಮೇಲೆ ಒಣಗಿದ ತಾಳೆಗರಿಯಿಂದ ಒತ್ತಿದರೆ ಕನ್ನಡಿಯ ಹಾಗೆ ಹೊಳೆಯುತ್ತದೆ. ನೋಡುವವರಿಗೆ ಸುಲಭ. ಅರಗಿಗೆ ಬಣ್ಣ ಕಲಸುವುದು ಮಾತ್ರ ಎಲ್ಲರ ಕೈಯಲ್ಲೂ ಆಗುವುದಿಲ್ಲ. ಕೆಂಡದ ಮೇಲೆ ಅರಗು ಮೆತ್ತಗೆ ಮಾಡಿ, ಬಣ್ಣದ ಪುಡಿ ಹಾಕಿ, ಎಳೆದು ಮಡಿಸಿ ಎಳೆದು ಮಡಿಸಿ ಹದಕ್ಕೆ ತರಬೇಕು. ಅಣ್ಣ ಮೂಡಲ ಬಾಗಿಲ ಹತ್ತಿರ ಕುಳಿತು ಈ ಕೆಲಸ ಮಾಡುತ್ತಿದ್ದ. ಕೈಯಲ್ಲಿದ್ದ ಅರಗನ್ನು ಬಿಸಿಲಿಗೆ ಹಿಡಿದು, ‘ಇನ್ನೊಂದು ಉಗುರು ಅರಿಶಿನ’ ಎನ್ನುತ್ತಿದ್ದ. ಅವನ ಉಗುರಿನಷ್ಟು ಅರಿಶಿನ ಹಾಕಿದ ಮೇಲೆ, ಅಲ್ಲಿಯವರೆಗೆ ಬರೀ ಹಳದಿಯಾಗಿದ್ದದ್ದು ಮಾಗಿದ ಬಾಳೆಹಣ್ಣಾಗುತ್ತಿತ್ತು. ಬುತ್ತಿ ಕೊಡಲು ಹೋದ ನಾನು ಅದನ್ನು ನೋಡುತ್ತಾ ನಿಂತು ಊಟದ ಹೊತ್ತು ಮೀರಿಸಿದ್ದುಂಟು.

ಚಳಿಗಾಲದಲ್ಲಿ ಸಂಜೆ ಆರು ಗಂಟೆಗೆ ಮೊದಲೇ ಅವನು ಕೆಲಸ ಬಿಟ್ಟು ಏಳುತ್ತಿದ್ದ. ಭಾಯಿ ಗದರುತ್ತಿದ್ದರು. ‘ಅರೆ, ಇನ್ನೂ ಐದೂವರೆ. ಎದ್ಬುಟ್ಟೆಯಲ್ಲಪ್ಪ, ನವಾಬ!’

‘ಗಡಿಯಾರಕ್ಕೆ ಕಣ್ಣಿಲ್ಲ ಭಾಯಿ. ಡೇಟೈಮ್ ಮುಗೀತು. ಬೇಸಿಗೇಲಿ ತೀರಿಸ್ತೀನಿ.’

ತೀರಿಸುತ್ತಿದ್ದ. ವೈಶಾಖದಲ್ಲಿ ಉಳಿದವರು ಬರುವ ಒಂದು ಗಂಟೆ ಮೊದಲೇ ಬಾಗಿಲು ತೆರೆಸಿ ಕೂರುತ್ತಿದ್ದ, ಎಲ್ಲರೂ ಹೋದ ಮೇಲೆ ಏಳುತ್ತಿದ್ದ. ಜೊತೆಯವರು ‘ಲೇ ಡೇಟೈಮ್’ ಎಂದು ಕರೆಯಲು ಶುರು ಮಾಡಿದ್ದು ಛೇಡಿಸುವುದಕ್ಕೆ. ಅವನು ‘ಏನ್ಲಾ ಓವರ್‌ಟೈಮ್’ ಎಂದು ತಿರುಗಿಸಿ ಕೊಡುತ್ತಿದ್ದ.

ಆ ಚೇಷ್ಟೆ ನಿಂತದ್ದು ಒಂದು ಮಳೆಗಾಲದಲ್ಲಿ. ಬೆಂಗಳೂರಿನಿಂದ ಒಬ್ಬ ಹೆಂಗಸು ಕಾರಿನಲ್ಲಿ ಬಂದರು. ಹೊರದೇಶಕ್ಕೆ ಕಳಿಸುವ ಮಕ್ಕಳ ಆಟದ ಬಳೆಗಳಿಗೆ ತಾವು ತಂದ ಕಿತ್ತಳೆ ಬಟ್ಟೆಯ ತುಂಡಿನ ಬಣ್ಣವೇ ಬರಬೇಕೆಂದರು. ಐದು ಗಂಟೆಗೇ ಮೋಡ ಕವಿದಿತ್ತು. ಭಾಯಿ ಅಣ್ಣನನ್ನು ಕರೆದರು. ಅಣ್ಣ ಬಟ್ಟೆಯ ತುಂಡನ್ನು ಮುಟ್ಟಲೇ ಇಲ್ಲ.

‘ಟುಮಾರೋ ಮೇಡಂ. ಡೇಟೈಮ್’ ಎಂದ.

‘ಲೈಟ್ ಇದೆಯಲ್ಲ?’ ಎಂದು ಆಕೆ ಮೇಲೆ ಉರಿಯುತ್ತಿದ್ದ ಟ್ಯೂಬ್‌ಲೈಟು ತೋರಿಸಿದರು.

‘ಲೈಟ್ ಐತೆ ಮೇಡಂ. ಡೇಟೈಮ್ ಇಲ್ಲ.’

ಆಕೆಗೆ ಅವಸರ. ಬೇರೆಯವರು ಆ ದೀಪದಲ್ಲೇ ಕಿತ್ತಳೆ ಬಣ್ಣ ಕಲಸಿ, ಒಂದು ಬುಟ್ಟಿ ಬಳೆಗೆ ಹಿಡಿಸಿಬಿಟ್ಟರು. ಆಕೆ ಒಪ್ಪಿಕೊಂಡು ಲಾಡ್ಜಿಗೆ ಹೋದರು. ಬೆಳಗ್ಗೆ ಬಿಸಿಲಿನಲ್ಲಿ ಬುಟ್ಟಿ ತೆಗೆದರೆ ಎಲ್ಲ ಹಳೇ ಇಟ್ಟಿಗೆ ಬಣ್ಣ. ಆಕೆ ಬಳೆಯನ್ನೂ ಬಟ್ಟೆಯನ್ನೂ ಪಕ್ಕದಲ್ಲಿಟ್ಟು ನೋಡಿ, ‘ಆ ಡೇಟೈಮ್ ಅಂದವರು ಎಲ್ಲಿ?’ ಎಂದು ಕೇಳಿದರಂತೆ. ಅಣ್ಣ ಮೂಡಲ ಬಾಗಿಲಲ್ಲಿ ಕುಳಿತು ಎರಡು ಗಂಟೆಯಲ್ಲಿ ಆ ಬಣ್ಣ ತಂದ. ಬಟ್ಟೆಯ ಮೇಲೆ ಬಳೆ ಇಟ್ಟರೆ ಬಳೆ ಎಲ್ಲಿದೆ ಎಂದು ಹುಡುಕಬೇಕಿತ್ತು ಎಂದು ಭಾಯಿ ನಮ್ಮ ಮನೆಗೇ ಬಂದು ಹೇಳಿದರು. ಮರುದಿನ ಗೋಡೆಯ ಮೇಲೆ ಬರೆಸಿದರು: ‘ಬಣ್ಣ ನೋಡುವುದು ಡೇಟೈಮ್ ಮಾತ್ರ.’ ಅವನ ಕಣ್ಣಿನ ಕೊರತೆ ಆರು ಲೇತಿಗೂ ಕಾನೂನಾಯಿತು. ಓದಿದವರು, ಅಧಿಕಾರದಲ್ಲಿರುವವರು ಕಾನೂನು ಮಾಡುತ್ತಾರೆಂದು ತಿಳಿದಿದ್ದ ನನಗೆ, ನೆಲದ ಮೇಲೆ ಕುಳಿತು ಅರಗು ಎಳೆಯುವ ನಮ್ಮಣ್ಣ ಕಾನೂನು ಮಾಡಿದ್ದು ದೊಡ್ಡ ಸೋಜಿಗ.

ಇಷ್ಟು ಹೆಮ್ಮೆ ಇದ್ದ ನಾನೇ ಆಮೇಲೆ ಒಂದು ಕೆಲಸ ಮಾಡಿದೆ. ಅದನ್ನು ಬರೆಯದಿದ್ದರೆ ಇಷ್ಟೂ ಬರೆದದ್ದು ಸುಳ್ಳಾಗುತ್ತದೆ.

ನನ್ನ ಮದುವೆ ಮಾಗಡಿ ಕಡೆಯ ಒಂದು ಊರಿಗೆ ಗೊತ್ತಾಯಿತು. ರೇಷ್ಮೆ ಬೆಳೆಯುವ ಒಕ್ಕಲು ಮನೆ, ಒಳ್ಳೆಯ ಜನ. ಹೆಣ್ಣು ನೋಡಲು ಬಂದದ್ದು ಬೆಳಗಿನ ಹೊತ್ತು, ಮಾತುಕತೆ ಮುಗಿದದ್ದು ಮಧ್ಯಾಹ್ನ. ಅಣ್ಣನ ಕಣ್ಣಿನ ವಿಷಯ ಯಾರೂ ಎತ್ತಲಿಲ್ಲ. ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟ ನನಗೆ ಆ ರೋಗ ಮನೆತನದಲ್ಲಿ ಹರಿದು ಬರುತ್ತದೆ ಎಂಬಷ್ಟು ಮಾತ್ರ ಗೊತ್ತಿತ್ತು. ಗಂಡಿನ ಕಡೆಯವರಿಗೆ ತಿಳಿದರೆ ನನ್ನನ್ನೂ ಸಂಶಯದಿಂದ ನೋಡುತ್ತಾರೆ, ಮದುವೆ ಮುರಿಯುತ್ತದೆ ಎಂದು ದಿನವೂ ಹೆದರುತ್ತಿದ್ದೆ.

ನಮ್ಮ ಕಡೆ ಹಿಂದಿನ ಸಂಜೆ ಆರತಕ್ಷತೆ, ಮರುದಿನ ಬೆಳಗ್ಗೆ ಧಾರೆ. ಮಾಗಡಿಯ ಛತ್ರದ ಮೆಟ್ಟಿಲು, ದೀಪ, ನೂಕುನುಗ್ಗಲು ಎಲ್ಲ ನನ್ನ ಕಣ್ಣ ಮುಂದೆ ಬರುತ್ತಿತ್ತು. ಅಣ್ಣ ಎಲ್ಲರ ಮುಂದೆ ಯಾರಿಗೋ ಡಿಕ್ಕಿ ಹೊಡೆಯುತ್ತಾನೆ, ಚಾಚಿದ ಕೈ ಕಾಣದೆ ಸುಮ್ಮನೆ ನಿಲ್ಲುತ್ತಾನೆ, ಅಷ್ಟು ಸಾಕು. ಮದುವೆಗೆ ಹತ್ತು ದಿನ ಇರುವಾಗ ಹಿತ್ತಲಲ್ಲಿ ಅವನು ಪಾತ್ರೆ ತೊಳೆಯುವ ಕಲ್ಲಿನ ಮೇಲೆ ಕುಳಿತಿದ್ದಾಗ ಹೋದೆ.

‘ಅಣ್ಣ, ಒಸಿ ಮಾತಾಡ್ಬೇಕು.’

‘ಹೇಳಮ್ಮಿ.’

‘ನೀನು... ಡೇಟೈಮಲ್ಲಿ ಬಾ ಅಣ್ಣ. ಧಾರೆಗೆ. ಆರತಕ್ಷತೆಗೆ ಬ್ಯಾಡ.’

ಅವನದೇ ಪದ. ಬೇರೆ ಪದ ಹುಡುಕುವ ಕಷ್ಟವನ್ನೂ ನಾನು ತೆಗೆದುಕೊಳ್ಳಲಿಲ್ಲ.

ಅವನು ನನ್ನ ಮುಖ ನೋಡಿದ. ಬೆಳಕಿತ್ತು, ಚೆನ್ನಾಗಿಯೇ ನೋಡಿದ. ಏನೋ ಹೇಳಲು ಬಾಯಿ ತೆರೆದು, ಹೇಳದೆ, ‘ಧಾರೆ ಎಷ್ಟೊತ್ಗೆ?’ ಎಂದ.

‘ಒಂಬತ್ತೂವರೆಗೆ.’

‘ಡೇಟೈಮೇಯ. ಬತ್ತೀನಿ ಬುಡು’ ಎಂದು ನಕ್ಕ.

ಆರತಕ್ಷತೆಯ ದಿನ ಹೊರಡುವಾಗ ಅವನು ‘ನಂಗೆ ಅರ್ಜೆಂಟ್ ಆರ್ಡರ್ ಐತೆ, ನಾಳೆ ಬತ್ತೀನಿ’ ಎಂದ. ಅವ್ವ ಸಿಟ್ಟಿಗೆದ್ದರು. ‘ಇರೋಳೊಬ್ಳು ತಂಗಿ. ಅವಳ ಮದುವೇಗಿಂತ ನಿಂಗೆ ಆ ಬೊಂಬೆ ಹೆಚ್ಚಾದ್ವೇನೋ? ಕಲ್ಲು ಕಣೋ ನೀನು!’ ಅವನು ತಲೆ ತಗ್ಗಿಸಿ ಬೈಸಿಕೊಂಡ. ನಾನು ಹೂ ಮುಡಿದುಕೊಂಡು ಅಲ್ಲೇ ನಿಂತಿದ್ದೆ. ಒಂದು ಮಾತು ಆಡಲಿಲ್ಲ.

ಬೆಳಗ್ಗೆ ಒಂಬತ್ತು ಗಂಟೆಗೆ ಅವನು ಛತ್ರಕ್ಕೆ ಬಂದ. ಬೆಳಕು ಹರಿದ ಮೇಲಿನ ಮೊದಲ ಬಸ್ಸು ಹಿಡಿದು ಬಂದಿದ್ದ. ಧಾರೆಯಲ್ಲಿ ನನ್ನ ಹಿಂದೆ ನಿಂತಿದ್ದ. ಊಟ ಮಾಡಿ ಮೂರು ಗಂಟೆಯೊಳಗೆ ಹೊರಟ.

ಆಮೇಲೆ ಇಪ್ಪತ್ತೆರಡು ವರ್ಷ ಅವನು ನಮ್ಮೂರಿಗೆ ಬಂದದ್ದೆಲ್ಲ ಡೇಟೈಮಿನಲ್ಲೇ. ಗೌರಿ ಹಬ್ಬಕ್ಕೆ ಬಾಗಿನ ತರುತ್ತಿದ್ದ, ನನ್ನ ಮಗಳಿಗೆ ತಾನೇ ಕಡೆದ ಬುಗುರಿ, ಗಿಲಕಿ ತರುತ್ತಿದ್ದ. ನಮ್ಮತ್ತೆ ಪ್ರತಿ ಸಲ, ‘ಇವತ್ತೊಂದಿನ ಉಳ್ಕೊಳಪ್ಪ, ಮುದ್ದೆ ಸಾರು ಉಂಡು ಮನಿಕ್ಕಂಡು ಬೆಳಗ್ಗೆ ಹೋಗೀವಂತೆ’ ಎನ್ನುತ್ತಿದ್ದರು. ಅವನು ಬಿಸಿಲು ನೋಡಿ, ‘ಇಲ್ಲ ಅತ್ತೆ, ಡ್ಯೂಟಿ ಐತೆ’ ಎಂದು ಏಳುತ್ತಿದ್ದ. ‘ಉಳಿ ಅಣ್ಣ’ ಎಂದು ನಾನು ಒಂದು ಸಲ ಹೇಳಿದ್ದರೆ ಉಳಿಯುತ್ತಿದ್ದ. ನಾನು ಹೇಳಿದರೆ ಮಾತ್ರ ಉಳಿಯುತ್ತಿದ್ದ. ನಾನು ‘ಬಸ್ಸು ತಪ್ಪೋಯ್ತದೆ ಅತ್ತೆ, ಬುಡಿ’ ಎನ್ನುತ್ತಿದ್ದೆ. ರಾಮನಗರಕ್ಕೆ ಇನ್ನೂ ಎಷ್ಟೋ ಬಸ್ಸುಗಳಿರುತ್ತಿದ್ದವು.

ವಯಸ್ಸಾದಂತೆ ಅವನಿಗೆ ಹಗಲಿನಲ್ಲೂ ಪಕ್ಕದ್ದು ಕಾಣುವುದು ನಿಂತಿತು. ಕೊಳವೆಯೊಳಗಿಂದ ನೋಡಿದ ಹಾಗೆ ಎನ್ನುತ್ತಿದ್ದ. ‘ನನ್ನ ಡೇಟೈಮು ವರ್ಷಾ ವರ್ಷಾ ಗಿಡ್ಡ ಆಯ್ತಾ ಐತೆ. ಈಗ ಹತ್ತರಿಂದ ಮೂರು’ ಎಂದು ಫೋನಿನಲ್ಲಿ ಹೇಳಿದ. ಅಳು ಇರಲಿಲ್ಲ ಆ ದನಿಯಲ್ಲಿ. ಹತ್ತರಿಂದ ಮೂರರವರೆಗೆ ಬಣ್ಣ ಕಲಸುತ್ತಿದ್ದ, ಉಳಿದ ಹೊತ್ತಿನಲ್ಲಿ ಕಲಿಯಲು ಬಂದ ಹೆಣ್ಣುಮಕ್ಕಳ ಕೈಗೆ ಅರಗು ಕೊಟ್ಟು, ತಾನು ಬೆರಳಲ್ಲಿ ಮುಟ್ಟಿ ಹದ ಹೇಳುತ್ತಿದ್ದ. ಅದೃಷ್ಟವನ್ನು ಬೈಯುವುದನ್ನು ನಾನು ಅವನ ಬಾಯಲ್ಲಿ ಕೇಳಲೇ ಇಲ್ಲ. ಮದುವೆಯಾಗು ಎಂದರೆ, ‘ಸಂಜೆ ಹೊತ್ನಲ್ಲಿ ಹೆಂಡ್ತಿ ಮುಖ ಕಾಣಕ್ಕಿಲ್ಲ, ಜಗಳ ಹೆಂಗಾಡೋದು?’ ಎಂದು ಹಾರಿಸಿಬಿಡುತ್ತಿದ್ದ.

ಹೋದ ಪುಷ್ಯದಲ್ಲಿ ಒಂದು ದಿನ ಹನ್ನೊಂದು ಗಂಟೆಯ ಬಿಸಿಲಲ್ಲಿ, ಮೂಡಲ ಬಾಗಿಲ ಹತ್ತಿರ ಕುಳಿತವನು ಹಾಗೇ ಗೋಡೆಗೆ ಒರಗಿದನಂತೆ. ಎದೆಬಡಿತ ನಿಂತುಹೋಗಿತ್ತು.

ಹನ್ನೊಂದನೇ ದಿನದ ಕಾರ್ಯ ಮುಗಿಸಿಕೊಂಡು ನಾನೂ ನಮ್ಮ ಯಜಮಾನರೂ ಊರಿಗೆ ಬಂದೆವು. ಮಧ್ಯಾಹ್ನ. ಜಗಲಿಯ ಮೇಲೆ ಕುಳಿತಿದ್ದಾಗ ನನಗೆ ದುಃಖ ತಡೆಯಲಾಗಲಿಲ್ಲ. ‘ನಮ್ಮಣ್ಣ ಒಂದು ರಾತ್ರಿನಾದ್ರೂ ಈ ಮನೇಲಿ ಮಲಗ್ಲಿಲ್ಲ’ ಎಂದೆ.

ಅವರು ‘ಇನ್ನು ಹೇಳ್ಬೌದು ಅನ್ನಿಸ್ತದೆ’ ಎಂದರು. ‘ನಮ್ಮ ಮದುವೆಗೆ ಇನ್ನೂ ಹದಿನೈದು ದಿನ ಇತ್ತು. ಭಾವ ಒಬ್ರೇ ಬಸ್ಸಲ್ಲಿ ಬಂದು, ಮನೆ ಕೇಳ್ಕಂಡು, ಅಪ್ಪ ಹಿಪ್ಪುನೇರಳೆ ಸೊಪ್ಪು ಕುಯ್ತಾ ಇದ್ದ ಹೊಲಕ್ಕೇ ಬಂದ್ರು. ನಾನೂ ಅಲ್ಲೇ ಇದ್ದೆ. ಭಾವ ಅಂದ್ರು, “ನಂಗೆ ಹೊತ್ತು ಮುಳುಗಿದ್ರೆ ಕಣ್ಣು ಕಾಣಕ್ಕಿಲ್ಲ. ನನ್ನ ತಂಗಿಗೆ ಆ ತೊಂದ್ರೆ ಇಲ್ಲ. ಆದ್ರೂ ಮುಚ್ಚಿಟ್ಟು ಹೆಣ್ಣು ಕೊಡಕ್ಕಾಗಕಿಲ್ಲ. ಬ್ಯಾಡ ಅನ್ನೋದಾದ್ರೆ ಈಗ್ಲೇ ಬ್ಯಾಡ ಅನ್ನಿ, ಜಾತಕ ಕೂಡ್ಲಿಲ್ಲ ಅಂತ ಹೇಳಿಕಳ್ಸಿ, ಅವಳಿಗೆ ನೋವಾಗಕಿಲ್ಲ.”’

‘ಮಾವ ಏನಂದ್ರು?’

‘“ಇಷ್ಟು ದೂರ ಬಂದು ನಿಜ ಹೇಳೋರ ಮನೆ ಹೆಣ್ಣು ಬ್ಯಾಡ ಅಂದ್ರೆ ಇನ್ಯಾವ ಮನೆ ಹುಡುಕ್ಲಿ” ಅಂದ್ರು. ಭಾವ ಒಂದೇ ಮಾತು ಕೇಳಿದ್ದು. “ನಾನು ಹೇಳ್ದೆ ಅಂತ ಅವಳಿಗೆ ಗೊತ್ತಾಗೋದು ಬ್ಯಾಡ. ಧೈರ್ಯ ಬಂದಾಗ ಅವಳೇ ಹೇಳ್ತಾಳೆ, ಅಲ್ಲೀಗಂಟ ಕೇಳ್ಬ್ಯಾಡಿ.” ಅದಕ್ಕೇ ನಾವ್ಯಾರೂ ಕೇಳ್ಲಿಲ್ಲ.’

ಹಿತ್ತಲಲ್ಲಿ ಅಣ್ಣ ಬಾಯಿ ತೆರೆದು ಹೇಳದೆ ಬಿಟ್ಟದ್ದು ಏನೆಂದು ನನಗೆ ಆಗ ಗೊತ್ತಾಯಿತು. ಅವರಿಗೆ ಗೊತ್ತಾಗಿದೆ, ಹೆದರಬೇಡ ಎಂದು ಹೇಳಿದ್ದರೆ ಅವನು ಆರತಕ್ಷತೆಗೆ ಬರಬಹುದಿತ್ತು. ಆದರೆ ಆಗ, ಅವನ ಬಗ್ಗೆ ನಾನು ನಾಚಿಕೆಪಡುತ್ತಿದ್ದೇನೆ ಎಂಬುದು ನನಗೇ ಎದುರಾಗಿ ನಿಲ್ಲುತ್ತಿತ್ತು. ಅದರಿಂದ ನನ್ನನ್ನು ಉಳಿಸಿ ಅವನು ಅವ್ವನ ಬೈಗುಳ ತಿಂದ.

‘ಒಂದು ಮಾತ್ರ ನಂಗೆ ಇವತ್ತಿಗೂ ಗೊತ್ತಾಗ್ಲಿಲ್ಲ’ ಎಂದರು ಯಜಮಾನರು. ‘ಆರತಕ್ಷತೆಗೆ ಭಾವ ಯಾಕೆ ಬರ್ಲಿಲ್ಲ? ಮೆಟ್ಲು ಕಾಣಕ್ಕಿಲ್ಲ ಅಂತ ನಮ್ಮವ್ವ ಟಾರ್ಚು ಹಿಡ್ಕಂಡು ಛತ್ರದ ಬಾಗ್ಲಲ್ಲೇ ನಿಂತಿದ್ರು. ಅವ್ವ ಊಟಕ್ಕೂ ಒಳಗೆ ಬರ್ಲಿಲ್ಲ.’

‘ಬರಬ್ಯಾಡ ಅಂದೋಳು ನಾನೇ’ ಎಂದೆ.

ಅವರು ನನ್ನ ಕಡೆ ತಿರುಗಲಿಲ್ಲ. ‘ನಂಗಲ್ಲ, ಅವ್ವಂಗೆ ಹೇಳು. ಕಾದಿದ್ದೋರು ಅವ್ರು’ ಎಂದು ಎದ್ದು ರೇಷ್ಮೆಹುಳುವಿನ ಮನೆಗೆ ಹೋದರು.

ಅತ್ತೆ ನಡುಮನೆಯಲ್ಲಿ ಮೊರ ಇಟ್ಟುಕೊಂಡು ಅವರೆಕಾಯಿ ಸುಲಿಯುತ್ತಿದ್ದರು. ಎದುರಿಗೆ ಕುಳಿತು ಎಲ್ಲ ಹೇಳಿದೆ. ಏನನ್ನೂ ಮುಚ್ಚಿಡಲಿಲ್ಲ. ಅವರ ಬೆರಳು ಸುಲಿಯುತ್ತಲೇ ಇತ್ತು, ಆಮೇಲೆ ನಿಂತಿತು.

‘ಇಷ್ಟು ವರ್ಷ ನಾನು ಏನ್ ಅನ್ಕಂಡಿದ್ದೆ ಗೊತ್ತೇನವ್ವಾ’ ಎಂದರು. ‘ಆ ಮಗ ಒಂದು ರಾತ್ರಿನೂ ಉಳೀಲಿಲ್ಲವಲ್ಲ, ನಮ್ಮನೆ ಅನ್ನ ನೀರು ಅವನಿಗೆ ಸೇರ್ನಿಲ್ವೇನೋ, ನಾವೇ ಏನಾದ್ರೂ ತಪ್ಪು ನಡ್ಕಂಡ್ವೇನೋ ಅಂತ.’

ಅವರು ಸೆರಗಿನಲ್ಲಿ ಕಣ್ಣು ಒರೆಸಿಕೊಂಡರು. ಇನ್ನೊಂದು ಮೊರ ಎಳೆದು, ಸುಲಿಯದೆ ಉಳಿದಿದ್ದ ಅವರೆಕಾಯಿಯಲ್ಲಿ ಅರ್ಧ ಅದಕ್ಕೆ ಸುರಿದು, ನನ್ನ ಮುಂದಕ್ಕೆ ತಳ್ಳಿದರು.